ಲೆಕ್ಕಕ್ಕೆ ಬಾರದ ನಾಲ್ಕನೆಯವನು

ಐಸೆನ್‌ಹೋವರ್ ಟ್ರೋಫಿ ಎಂದೇ ಹೆಸರಾದ ವಿಶ್ವ ಅಮೆಚೂರ್ (ಹವ್ಯಾಸಿ) ತಂಡ ಗಾಲ್ಫ್ ಚಾಂಪಿಯನ್‌ಶಿಪ್‌ನ ಹಳೆಯ ಅಂಕಪಟ್ಟಿಗಳನ್ನು ನೋಡುತ್ತ ಇಂದು ಬೆಳಗಿನ ಕಾಫಿ ತಣ್ಣಗಾಗಿಹೋಗಲು ಬಿಟ್ಟೆ.

1958ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಮೈದಾನದಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ ಪ್ರತಿ ದೇಶದಿಂದ ನಾಲ್ವರು ಆಡುತ್ತಿದ್ದರು. ಗಾಲ್ಫ್‌ನಲ್ಲಿ ಹೊಡೆತಗಳು ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ದಿನದ ಕೊನೆಗೆ ಕಡಿಮೆ ಹೊಡೆತಗಳ ಮೂವರ ಅಂಕಗಳನ್ನಷ್ಟೇ ಕೂಡಿಸಿ, ನಾಲ್ಕನೆಯವನದನ್ನು ಕೈಬಿಡುತ್ತಿದ್ದರು. ನಾಲ್ಕು ದಿನಗಳ ಆಟ ಮುಗಿದಾಗ ಆಸ್ಟ್ರೇಲಿಯಾ ಮತ್ತು ಅಮೆರಿಕ ತಂಡಗಳೆರಡೂ 918 ಹೊಡೆತಗಳಲ್ಲಿ ಸಮನಾಗಿ ನಿಂತವು. ಮತ್ತೆ 18 ಕುಳಿಗಳ ಆಟವಾಡಿಸಿದಾಗ, ಬಾಬಿ ಜೋನ್ಸ್ ನಾಯಕತ್ವದ ಅಮೆರಿಕ 224ಕ್ಕೆ ಮುಗಿಸಿತು, ಆಸ್ಟ್ರೇಲಿಯಾ 222ಕ್ಕೆ ಮುಗಿಸಿ ಗೆದ್ದಿತು. ಐದು ದಿನ ಬೆವರು ಹರಿಸಿದ ಮೇಲೆ ಉಳಿದ ಅಂತರ ಬರೀ ಎರಡು ಹೊಡೆತ!

ಎರಡು ವರ್ಷಗಳ ನಂತರ ಅಮೆರಿಕದ ಮೆರಿಯನ್ ಮೈದಾನದಲ್ಲಿ ಅಮೆರಿಕದವನೇ ಆದ ಜ್ಯಾಕ್ ನಿಕ್ಲಾಸ್ ನಾಲ್ಕು ದಿನ ಕ್ರಮವಾಗಿ 66, 67, 68, 68 ಹೊಡೆದು, ಅಮೆರಿಕ 42 ಹೊಡೆತಗಳಿಂದ ಗೆದ್ದದ್ದು ದೊಡ್ಡ ಸಾಧನೆಯೇ ಸರಿ, ಆದರೆ ಅಷ್ಟು ಸಲೀಸಾದ ಗೆಲುವು ನನ್ನನ್ನು ಹೆಚ್ಚು ಹೊತ್ತು ಹಿಡಿದಿಡಲಿಲ್ಲ.

ನನ್ನನ್ನು ಕಾಡಿದ್ದು ಆ ಕೈಬಿಟ್ಟ ಅಂಕ. ಬಿಸಿಲು ಗಾಳಿಗಳಲ್ಲಿ ಹದಿನೆಂಟು ಕುಳಿಗಳನ್ನೂ ಆಡಿ, ಕೊನೆಯ ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ ಬಾಗಿ ಚೆಂಡನ್ನು ಕುಳಿಯಿಂದ ಎತ್ತಿಕೊಳ್ಳುವವನಿಗೆ ತನ್ನ ಅಂದಿನ ಆಟ ಮೊತ್ತಕ್ಕೆ ಸೇರುವುದೋ ಇಲ್ಲವೋ ಎಂಬುದು ಉಳಿದ ಮೂವರು ಮುಗಿಸುವವರೆಗೆ ತಿಳಿಯುವಂತಿರಲಿಲ್ಲ. ಹಾಗೆಂದು ಅವನು ಕೈಚೆಲ್ಲುವಂತೆಯೂ ಇರಲಿಲ್ಲ. ಜೊತೆಗಾರನೊಬ್ಬ ಎಡವಿದರೆ ಇವನ ಅಂಕವೇ ತಂಡಕ್ಕೆ ಗತಿ. 2002ರಿಂದ ಪುರುಷರ ತಂಡದಲ್ಲಿ ಮೂವರೇ ಆಡುತ್ತಾರೆ, ಇಬ್ಬರ ಅಂಕ ಲೆಕ್ಕಕ್ಕೆ ಬರುತ್ತದೆ. ಅಂದರೆ ಆ ನಾಲ್ಕನೆಯವನ ಕುರ್ಚಿ ಈಗ ಮೂರನೆಯವನದಾಗಿದೆ.