ಮಾವನ ಮಡಿಲಲ್ಲಿ ಐದು ಲೀಟರ್ ಡೀಸೆಲ್

ನಮ್ಮ ಮನೆಯ ಜೀಪಿಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಟ್ಯಾಂಕು ತುಂಬಿದ್ದರೆ ಆರಾಮಾಗಿ ಓಡುತ್ತಿತ್ತು. ಅರ್ಧಕ್ಕಿಂತ ಕೆಳಗೆ ಇಳಿಯಿತೋ, ಏರಿನಲ್ಲಿ ಕೆಮ್ಮಲು ಶುರು. ಇನ್ನೂ ಇಳಿದರೆ ಬೆಳಗ್ಗೆ ಸ್ಟಾರ್ಟ್ ಆಗಿ, ಒಂದು ನಿಮಿಷ ಓಡಿ, ನಿಂತೇಬಿಡುತ್ತಿತ್ತು.

"ಹೊಟ್ಟೆ ತುಂಬಿಸಿಟ್ಟರೆ ಎಂತ ರಗಳೆಯೂ ಇಲ್ಲ ಅದಕ್ಕೆ" ಎನ್ನುತ್ತಿದ್ದರು ಮಾವ, ಕೊಟ್ಟಿಗೆಯ ಎಮ್ಮೆಯ ಬಗ್ಗೆ ಹೇಳುವ ಹಾಗೆ. ಆ ಮಾತಿನಲ್ಲೇ ಕಾಯಿಲೆಯ ಗುಟ್ಟು ಇತ್ತು. ನನಗೆ ಹೊಳೆಯಲಿಲ್ಲ. ಮಾವನಿಗೆ ಹೊಳೆದಿತ್ತೋ ಇಲ್ಲವೋ, ಅದು ಆಮೇಲಿನ ಕಥೆ.

ಜೀಪು 1988ರದ್ದು. ಮಹೀಂದ್ರ ಎಂಎಂ 540. ಪ್ಯೂಜೋ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್, ನಾಲ್ಕು ಗೇರು, ಪವರ್ ಸ್ಟೇರಿಂಗ್ ಇಲ್ಲ. ತಿರುಗಿಸುವಾಗ ತೋಳಿನ ಬಲ ಬೇಕು. ಅದಕ್ಕಿಂತ ಮುಂಚೆ ಮಾವನ ಹತ್ತಿರ ಪೆಟ್ರೋಲ್ ಜೀಪು ಇತ್ತಂತೆ. ಮಳೆಗಾಲ ಬಂತೆಂದರೆ ಅದರ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ಹಳ್ಳದ ಮಧ್ಯೆ ನಿಲ್ಲುವುದು. ಸೈಕಲ್ ಟ್ಯೂಬು ಸುತ್ತಿ, ಗ್ರೀಸು ಬಳಿದು ನೋಡಿದರೂ ಅಷ್ಟೇ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ, ಒತ್ತಡದ ಬಿಸಿಗೇ ಉರಿಯುತ್ತದೆ. ಮಲೆನಾಡಿನವರು ಡೀಸೆಲ್ ಜೀಪನ್ನು ಹಚ್ಚಿಕೊಂಡಿದ್ದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಲೆಕ್ಕ. ಇನ್ನರ್ಧ, ನಾಲ್ಕೂ ಚಕ್ರ ಎಳೆಯುವ ಫೋರ್ ವೀಲು.

ನನ್ನ ಗಂಡ ಜೀಪು ಮುಟ್ಟುವುದಿಲ್ಲ. ಅವರಿಗೆ ಕಿಟಕಿ ಮುಚ್ಚಿಕೊಳ್ಳುವ ಗಾಡಿ ಬೇಕು. ಅದಕ್ಕೇ ಮಾವ ನನಗೆ ಕಲಿಸಿದರು, ಅಡಿಕೆ ಒಣಗಿಸುವ ಅಂಗಳದಲ್ಲಿ. ದಣಪೆಯ ಒಂದು ಕಂಬ ಹೋಯಿತು, ಅಷ್ಟೇ ನಷ್ಟ.

2023ರಲ್ಲಿ ಅದರ ಆರ್‌ಸಿ ಮುಗಿಯುತ್ತಿತ್ತು. ಹೊಸ ಗಾಡಿಗೆ ಮೊದಲು 15 ವರ್ಷ ಕೊಡುತ್ತಾರೆ, ಆಮೇಲೆ ಐದೈದು ವರ್ಷ. ಪ್ರತಿ ಸಲ ಶಿವಮೊಗ್ಗದ ಆರ್‌ಟಿಓಗೆ ಗಾಡಿಯನ್ನೇ ಒಯ್ದು ತೋರಿಸಬೇಕು. ಹಿಂದಿನ ಸಲ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. "ಮಾರಿಬಿಡೋಣ" ಎಂದು ಗಂಡ ಹೇಳಿದ್ದೂ ಆಯ್ತು, ಮಾವ ಎರಡು ದಿನ ಊಟದ ಹೊತ್ತಿಗೆ ಮಾತಾಡದೆ ಇದ್ದಿದ್ದೂ ಆಯ್ತು.

ಕೆಮ್ಮುವ ಗಾಡಿಯನ್ನು ಹೇಗೆ ತೋರಿಸುವುದು? ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಹೆಸರು ಬೇಡ. ಅವರು ಬಾನೆಟ್ ಎತ್ತಿದವರೇ "ಪಂಪು ಹೋಗಿದೆ ಮೇಡಂ" ಎಂದರು. ಪಂಪು ಬಿಚ್ಚಿ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬದಲಿಸಿ, 14,000 ರೂಪಾಯಿ ಬಿಲ್ ಕೊಟ್ಟರು. ಟ್ಯಾಂಕು ಫುಲ್ ಮಾಡಿಸಿಕೊಂಡು ಮನೆಗೆ ಬಂದೆ. ಗಾಡಿ ಸೂಪರ್! ಟ್ಯಾಂಕು ಫುಲ್ ಇದ್ದುದರಿಂದ ಸೂಪರ್ ಅಂತ ಆಗ ಗೊತ್ತಾಗಲಿಲ್ಲ.

ಜುಲೈ ಕೊನೆಯ ವಾರ. ಮೇಗರವಳ್ಳಿ ಕಡೆಯ ನಮ್ಮ ಮನೆಯಿಂದ ಶಿವಮೊಗ್ಗ ಹತ್ತಿರ ಹತ್ತಿರ 80 ಕಿಲೋಮೀಟರ್. ಆ ವರ್ಷ ಜೂನ್ ಪೂರ್ತಿ ಕೈಕೊಟ್ಟ ಮಳೆ, ಬಾಕಿ ಎಲ್ಲ ಜುಲೈಯಲ್ಲಿ ತೀರಿಸುತ್ತಿತ್ತು. ಹುಡ್ಡಿನ ಹೊಲಿಗೆಯಿಂದ ಸರಿಯಾಗಿ ನನ್ನ ಎಡಮೊಣಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಲ್ಲೊಂದು ಟವೆಲ್ ಹಾಸಿಕೊಳ್ಳುವುದು ನನ್ನ ರೂಢಿ. ಪಕ್ಕದಲ್ಲಿ ಮಾವ, 79 ವರ್ಷ, ಇಸ್ತ್ರಿ ಮಾಡಿದ ಪಂಚೆ. ಜೀಪಿನ ಪರೀಕ್ಷೆಗೆ ಜೀಪಿನ ಅಪ್ಪ ಬರದಿದ್ದರೆ ಹೇಗೆ?

ತೀರ್ಥಹಳ್ಳಿಯಲ್ಲಿ ಡೀಸೆಲ್ ಹಾಕಿಸೋಣ ಎಂದೆ. ಕಾಲು ಟ್ಯಾಂಕು ಇತ್ತು. "ಬರುವಾಗ ಹಾಕಿಸಿದರಾಯ್ತು, ತಡ ಆಗ್ತದೆ" ಎಂದರು ಮಾವ.

ಮಂಡಗದ್ದೆಗೆ ಎರಡು ಕಿಲೋಮೀಟರ್ ಇರುವಾಗ ಒಂದು ಸಣ್ಣ ಏರು. ಜೀಪು ಎರಡು ಸಲ ಕೆಮ್ಮಿತು. ಮೂರನೇ ಸಲ ನಿಂತಿತು.

ಏರ್ ಹಿಡಿದಿದೆ ಅಂತ ಗೊತ್ತಾಯ್ತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಎಂಜಿನ್ ಓಡುವುದಿಲ್ಲ. ಡೀಸೆಲ್ ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತದೆ, ಗಾಳಿ ಒತ್ತಿದರೆ ಕುಗ್ಗುತ್ತದೆ ಅಷ್ಟೇ. ನಾಜಲ್ ತೆರೆದುಕೊಳ್ಳುವುದೇ ಇಲ್ಲ. ಏರ್ ತೆಗೆಯುವುದು ನನಗೆ ಬರುತ್ತದೆ. ಮಾವ ಕೊಡೆ ಹಿಡಿದರು. ಫಿಲ್ಟರ್ ತಲೆಯ ಮೇಲಿನ ಸಣ್ಣ ಬೋಲ್ಟು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋದೆ. ಮೊದಲು ಬರೀ ಉಸಿರು. ಆಮೇಲೆ ನೊರೆ, ಕಾಯಿಸಿದ ಬೆಲ್ಲದ ಮೇಲೆ ಏಳುತ್ತದಲ್ಲ, ಹಾಗೆ. ನೊರೆ ಹೋಗಿ ತಿಳಿ ಡೀಸೆಲ್ ದಾರದ ಹಾಗೆ ಇಳಿಯತೊಡಗಿದಾಗ ಒತ್ತಿ ಹಿಡಿದುಕೊಂಡೇ ಬೋಲ್ಟು ಬಿಗಿ ಮಾಡಬೇಕು. ಕೈ ಬಿಟ್ಟರೆ ಮತ್ತೆ ಗಾಳಿ ಎಳೆಯುತ್ತದೆ. ಆಮೇಲೆ ನಾಜಲ್ ಪೈಪಿನ ನಟ್ಟು ಒಂದು ಸುತ್ತು ಸಡಿಲಿಸಿ, ಮಾವನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಚಿಕ್ ಚಿಕ್ ಎಂದು ಡೀಸೆಲ್ ಚಿಮ್ಮಿತು. ಬಿಗಿ ಮಾಡಿದೆ. ಸ್ಟಾರ್ಟ್!

ಮುನ್ನೂರು ಮೀಟರ್ ಹೋಯಿತು. ಮತ್ತೆ ನಿಂತಿತು.

ಮತ್ತೆ ಅದೇ ಪೂಜೆ, ಮತ್ತೆ ಮುನ್ನೂರು ಮೀಟರ್. 14,000 ರೂಪಾಯಿ ನೆನಪಾಗಿ ಅಳು ಬರುವ ಹಾಗಾಯ್ತು. ಗಾಳಿ ಎಲ್ಲಿಂದಲೋ ಹೊಸದಾಗಿ ಬರುತ್ತಿದೆ. ಎಲ್ಲಿಂದ? ಎಲ್ಲೂ ಡೀಸೆಲ್ ಸೋರಿದ ಗುರುತಿಲ್ಲ.

ನಿಂತ ಜಾಗದ ಎದುರಿಗೆ ಒಂದು ಮನೆ ಕಟ್ಟುತ್ತಿದ್ದರು. ಮಳೆಗೆ ಕೆಲಸ ನಿಲ್ಲಿಸಿ ಮೇಸ್ತ್ರಿಯೂ ಇಬ್ಬರು ಹುಡುಗರೂ ಸೂರಿನಡಿ ಬೀಡಿ ಸೇದುತ್ತಾ ನಮ್ಮನ್ನೇ ನೋಡುತ್ತಿದ್ದರು. ಅವರ ಹಿಂದೆ ಗೋಡೆಗೆ ಲೆವೆಲ್ ಪೈಪು ನೇತಾಡುತ್ತಿತ್ತು. ಗೊತ್ತಲ್ಲ, ನೀರು ತುಂಬಿಸಿ ಮಟ್ಟ ನೋಡುವ ಪಾರದರ್ಶಕ ಪೈಪು. ಅದನ್ನು ನೋಡಿ ನನ್ನ ತಲೆಯಲ್ಲಿ ಏನೋ ಓಡಿತು.

"ಅಣ್ಣಾ, ಅದರಲ್ಲಿ ಒಂದಾಳುದ್ದ ಕತ್ತರಿಸಿ ಕೊಡ್ತೀರಾ? ದುಡ್ಡು ಕೊಡ್ತೀನಿ."

ದುಡ್ಡು ತೆಗೆದುಕೊಳ್ಳಲಿಲ್ಲ. ಕತ್ತರಿಸಿ ಕೊಟ್ಟು, ನೋಡಲು ಮೂವರೂ ಬಂದರು.

ಟ್ಯಾಂಕಿನಿಂದ ಕಬ್ಬಿಣದ ಪೈಪು ಚಾಸಿಯ ಪಕ್ಕದಲ್ಲಿ ಎಂಜಿನ್ನಿನವರೆಗೆ ಬಂದು, ಅಲ್ಲಿಂದ ಒಂದು ಗೇಣು ರಬ್ಬರ್ ಹೋಸು. ಆ ಹೋಸು ಕಿತ್ತು ಅಲ್ಲಿಗೆ ಲೆವೆಲ್ ಪೈಪು ಸಿಕ್ಕಿಸಿದೆ. ಏರ್ ತೆಗೆದು ಸ್ಟಾರ್ಟ್ ಮಾಡಿಸಿದೆ. ಪೈಪಿನೊಳಗೆ ಸೋಡಾ ಬಾಟಲಿಯ ಹಾಗೆ ಗುಳ್ಳೆಗಳ ಸಾಲು, ಟ್ಯಾಂಕಿನ ಕಡೆಯಿಂದ ಎಂಜಿನ್ನಿನ ಕಡೆಗೆ. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಿಂದ ಗುಳ್ಳೆ ನೋಡಿದ್ದಿಲ್ಲ.

ಅಂದರೆ ಪಂಪಿನದ್ದಲ್ಲ, ನಾಜಲಿನದ್ದಲ್ಲ. ಹಿಂದೆ, ಟ್ಯಾಂಕಿನ ಹತ್ತಿರ ಎಲ್ಲೋ ಬಿರುಕು. ಅಲ್ಲಿ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕು ತುಂಬಿದ್ದಾಗ ಡೀಸೆಲ್ ತಾನೇ ಇಳಿದು ಬರುವುದರಿಂದ ಎಳೆತ ಕಡಿಮೆ. ಖಾಲಿಯಾದಷ್ಟೂ ಎಳೆತ ಜಾಸ್ತಿ, ಏರಿನಲ್ಲಿ ಇನ್ನೂ ಜಾಸ್ತಿ. ಇಷ್ಟೇ. ಆರು ತಿಂಗಳಿಂದ ಜೀಪು ಇದನ್ನೇ ಹೇಳುತ್ತಿತ್ತು.

"ಟ್ಯಾಂಕಿನ ಹತ್ತಿರದ ಪೈಪು ಯಾವಾಗ ಬದಲಿಸಿದ್ದು ಮಾವ?" ಎಂದೆ.

ಮಾವ ಹೊಳೆಯ ಕಡೆ ತಿರುಗಿ, "ಈ ವರ್ಷ ಬೆಳ್ಳಕ್ಕಿ ಬಂದಿವೆಯೋ ಏನೋ" ಎಂದರು. ತುಂಗೆಯ ನಡುಗಡ್ಡೆಯಲ್ಲಿ ಪ್ರತಿ ಮಳೆಗಾಲ ಗೂಡು ಕಟ್ಟುತ್ತವೆ, ನಿಜ. ಆದರೆ ನಾವು ನಿಂತ ಜಾಗದಿಂದ ಒಂದು ರೆಕ್ಕೆಯೂ ಕಾಣುತ್ತಿರಲಿಲ್ಲ.

ಜೀಪಿನಲ್ಲಿ ಯಾವಾಗಲೂ ಐದು ಲೀಟರ್ ಡೀಸೆಲ್ಲಿನ ಕ್ಯಾನು ಇರುತ್ತದೆ, ಮಾವನ ಕಾನೂನು ಅದು. ಲೆವೆಲ್ ಪೈಪಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಬಾನೆಟ್ಟಿನ ಸಂದಿಯಿಂದ ಹೊರಬಂದು ಕ್ಯಾನಿನೊಳಕ್ಕೆ. ಕ್ಯಾನು ಮಾವನ ಮಡಿಲಿಗೆ. ಇಸ್ತ್ರಿ ಪಂಚೆಯ ಮೇಲೆ ಗೋಣಿ ಹಾಸಿ ಕೂರಿಸಿದೆ. (ಡೀಸೆಲ್ ಆದ್ದರಿಂದ ಈ ಧೈರ್ಯ. ಪೆಟ್ರೋಲ್ ಗಾಡಿಯವರು ದಯವಿಟ್ಟು ಇದನ್ನು ಮಾಡಬೇಡಿ.) ಜೀಪು ಹೂವಿನ ಹಾಗೆ ಓಡಿತು. ಮಾವ ಎರಡೂ ಕೈಯಲ್ಲಿ ಕ್ಯಾನು ತಬ್ಬಿಕೊಂಡು, ಪೈಪಿನ ತುದಿ ಮೇಲೆ ಬರದ ಹಾಗೆ ಹೆಬ್ಬೆರಳಲ್ಲಿ ಒತ್ತಿಕೊಂಡು, ಸೊಸೆಯ ಬಾಣಂತನಕ್ಕೆ ಬಂದ ಮುತ್ತಜ್ಜಿಯ ಹಾಗೆ ಕೂತಿದ್ದರು.

ಶಿವಮೊಗ್ಗ ಇನ್ನು ಮೂವತ್ತು ಕಿಲೋಮೀಟರ್, ಐದು ಲೀಟರ್ ಧಾರಾಳ ಸಾಕು ಅಂದುಕೊಂಡಿದ್ದೆ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಮಾವ "ಮುಗೀತು" ಎಂದರು. ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಪಂಪು ಬೇಕಿದ್ದಕ್ಕಿಂತ ಜಾಸ್ತಿ ಡೀಸೆಲ್ ಎಳೆಯುತ್ತದೆ, ಉಳಿದಿದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ನಾವು ಕ್ಯಾನಿನಿಂದ ಕುಡಿಸಿ, ಟ್ಯಾಂಕು ತುಂಬಿಸುತ್ತಿದ್ದೆವು!

ಟ್ಯಾಂಕಿನಿಂದ ಮತ್ತೆ ಕ್ಯಾನಿಗೆ ತೆಗೆಯಬೇಕು. ಪೈಪು ಟ್ಯಾಂಕಿಗೆ ಇಳಿಸಿ, ಕ್ಯಾನು ನೆಲದ ಮೇಲಿಟ್ಟು, ಬಾಯಲ್ಲಿ ಎಳೆಯುವುದು. "ನೀನು ಬೇಡ, ನಾನೇ ಎಳೀತೇನೆ" ಎಂದು ಮಾವ ಪೈಪು ಕಸಿದುಕೊಂಡರು. ಅಷ್ಟು ಅಕ್ಕರೆ ಯಾಕೆ ಅಂತ ಆಗ ಅನುಮಾನ ಬರಬೇಕಿತ್ತು. ಒಂದು ಬಾಯಿ ಡೀಸೆಲ್ ಬಂದೇ ಬಂತು. ಆನೆ ನೋಡಲು ಬಂದಿದ್ದ ಟೂರಿಸ್ಟುಗಳು ಆನೆ ಬಿಟ್ಟು ಮಾವ ಉಗುಳುವುದನ್ನು ನೋಡಿದರು. ಗಾಜನೂರಿನಲ್ಲಿ ತುಂಗೆ ಗೇಟು ದಾಟಿ ಕೆಂಪಗೆ ಧುಮುಕುತ್ತಿದ್ದಳು. ಪ್ರತಿ ವರ್ಷ ನಿಲ್ಲಿಸಿ ನೋಡುವ ಮಾವ ಈ ಸಲ ಎಲೆಯಡಿಕೆ ಜಗಿಯುವುದರಲ್ಲಿ ಮುಳುಗಿದ್ದರು. ಬಾಯಿ ರುಚಿ ಹೋಗಲಿ ಅಂತ.

ಶಿವಮೊಗ್ಗದಲ್ಲಿ ಸೀದಾ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ. ಅಲ್ಲಿ ಹಳೇ ಜೀಪಿನ ಕೆಲಸ ಮಾಡುವ ಒಬ್ಬ ಹುಡುಗ ಅಡಿಗೆ ನುಸುಳಿ, ಎರಡೇ ನಿಮಿಷದಲ್ಲಿ ಅಲ್ಲಿಂದಲೇ ನಗತೊಡಗಿದ. ಹೊರಗೆ ಬಂದಾಗ ಕೈಯಲ್ಲಿ ಒಂದು ಮೊಳ ಪೈಪು. ಕರಿ ಡೀಸೆಲ್ ಹೋಸಲ್ಲ. ಹಳದಿ ಪೈಪು. ಮಧ್ಯೆ ಉಗುರಿನಷ್ಟುದ್ದದ ಸೀಳು. ಹೊರಮೈಮೇಲೆ ಅಲ್ಲಲ್ಲಿ ನೀಲಿ ಕಲೆ.

ಆ ನೀಲಿ ಅಡಿಕೆ ಬೆಳೆಯುವವರಿಗೆ ಕತ್ತಲಲ್ಲೂ ಗೊತ್ತಾಗುತ್ತದೆ. ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇದು ನಮ್ಮ ಔಷಧಿ ಹೊಡೆಯುವ ಪೈಪಿನ ತುಂಡು.

ನಾನು ಮಾವನನ್ನು ನೋಡಿದೆ.

"ಮೂವತ್ತು ಕೆಜಿ ಪ್ರೆಷರ್ ತಡೆಯೋ ಪೈಪು ಅದು!" ಎಂದರು ಮಾವ. ತಪ್ಪೊಪ್ಪಿಗೆ ಅಂತ ಬಂದಿದ್ದು ಅಷ್ಟೇ. ಹಿಂದಿನ ವರ್ಷ ಹಳೇ ಹೋಸು ಸೋರುತ್ತಿತ್ತಂತೆ. ಅಂಗಡಿಗೆ ಹೋಗುವುದು ಯಾಕೆ, ಅಳತೆ ಸರಿಯಾಗಿ ಕೂರುತ್ತದೆ ಅಂತ ಕತ್ತರಿಸಿ ಹಾಕಿದ್ದರಂತೆ.

ಪ್ರೆಷರ್ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ. ಆದರೆ ಅದು ನೀರಿಗೆ ಮಾಡಿದ ಪಿವಿಸಿ. ಡೀಸೆಲ್ ಅದರ ಮೆತ್ತಗಿನ ಅಂಶವನ್ನು ನಿಧಾನಕ್ಕೆ ಎಳೆದು ತೆಗೆಯುತ್ತದೆ, ಪೈಪು ಗಟ್ಟಿಯಾಗಿ ಕುಗ್ಗುತ್ತದೆ. ಆ ಹುಡುಗ ಬಗ್ಗಿಸಿ ತೋರಿಸಿದ. ಒಣ ಸೋಗೆಯ ಹಾಗೆ ಪಟ್ ಎಂದಿತು. ಹೊಸ ಡೀಸೆಲ್ ಹೋಸು, ಎರಡು ಕ್ಲಿಪ್ಪು, ಕೂಲಿ ಸೇರಿ 350 ರೂಪಾಯಿ. ಆ 14,000ದ ಬಗ್ಗೆ ನಾನು ಯಾರಿಗೆ ಬೈಯಬೇಕು? ಪೈಪು ನೋಡದೆ ಪಂಪು ಬಿಚ್ಚಿದವರಿಗೋ, ಪೈಪಿನ ವಿಷಯ ಬಾಯಿಬಿಡದವರಿಗೋ? ಬಿಲ್ ಬಂದ ದಿನ ಮಾವ "ಈಗಿನವರು ಸಿಕ್ಕಾಪಟ್ಟೆ ಹಣ ತೆಗೀತಾರೆ" ಎಂದು ನನಗಿಂತ ಜಾಸ್ತಿ ಬೇಜಾರು ಮಾಡಿಕೊಂಡಿದ್ದರು.

ಇನ್‌ಸ್ಪೆಕ್ಷನ್ ಹತ್ತೇ ನಿಮಿಷದಲ್ಲಿ ಮುಗಿಯಿತು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು, ಲೈಟು, ಹಾರ್ನು, ಬ್ರೇಕು ನೋಡಿದರು. ಅಧಿಕಾರಿ ಮೂಗು ಅರಳಿಸಿ "ಡೀಸೆಲ್ ವಾಸನೆ ಜಾಸ್ತಿ ಇದೆಯಲ್ಲಾ" ಎಂದರು. "ಅದು ಗಾಡಿಯದ್ದಲ್ಲ ಸಾರ್, ನಮ್ಮ ಮಾವಂದು" ಎಂದೆ. ಐದು ವರ್ಷ ಸಿಕ್ಕಿತು.

ವಾಪಸ್ ಬರುವಾಗ ಕಾಲು ಟ್ಯಾಂಕಿನಲ್ಲೇ ಮಂಡಗದ್ದೆ ಹತ್ತಿರದ ಇನ್ನೊಂದು ಏರು ಹತ್ತಿಸಿದೆ, ಬೇಕೆಂದೇ. ಟಾಪ್ ಗೇರಿನಲ್ಲಿ ಹೋಯಿತು. ಮೇಸ್ತ್ರಿಗೆ ಅರ್ಧ ಕೆಜಿ ಜಿಲೇಬಿ ಕೊಟ್ಟೆವು. ಮನೆ ಮುಟ್ಟಿದಾಗ ಕತ್ತಲು. ಇಳಿಯುವಾಗ ಮಾವ ಸೀಟಿನ ಕೆಳಗೆ ಕೈಹಾಕಿ ಏನೋ ತಡಕಾಡುತ್ತಿದ್ದರು.

"ಎಂತ ಹುಡುಕ್ತೀರಿ ಮಾವ?"

"ಆ ಹಳದಿ ಪೈಪು. ಎಸೆದುಬಿಟ್ಯಾ?"

"ಸೀಳು ಬಿಟ್ಟಿದೆಯಲ್ಲ, ಅದೆಂತಕ್ಕೆ?"

"ಒಂದು ಕಡೆ ಮಾತ್ರ ಅಲ್ವಾ ಸೀಳಿದ್ದು. ಅರ್ಧ ಮೊಳ ಚೆನ್ನಾಗೇ ಇದೆ" ಎಂದು ಕೊಟ್ಟಿಗೆಯ ಲೈಟು ಹಾಕಿದರು.