ಡಬ್ಬಿಯಲ್ಲಿ ಸಿಗುವ ವಿಮಾನವನ್ನು ಹಾಳೆಯಿಂದ ಯಾಕೆ ಕತ್ತರಿಸಬೇಕು?

"ಸೀ ವಿಕ್ಸನ್ ಬೇಕು ಅಂದ್ರೆ ಏರ್‌ಫಿಕ್ಸ್ ಕಿಟ್ಟೇ ಸಿಗುತ್ತಲ್ಲ, ಈ ಬಿಳಿ ಪ್ಲಾಸ್ಟಿಕ್ ಹಾಳೆಗಳನ್ನ ಇಟ್ಕೊಂಡು ಯಾಕೆ ಉಜ್ಜುತ್ತಾ ಕೂರ್ತೀರಿ?" ಮಾಡೆಲ್ ಮಾಡುವವರೂ ಕೇಳುತ್ತಾರೆ, ಮಾಡದವರೂ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ಬರೆದೇ ಬಿಡುತ್ತೇನೆ.

ಮೊದಲು ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಸೀ ವಿಕ್ಸನ್ ಬ್ರಿಟಿಷ್ ನೌಕಾಪಡೆಯ ಹಳೆಯ ಜೆಟ್ ಯುದ್ಧವಿಮಾನ, ಏರ್‌ಫಿಕ್ಸ್ ಅಂಥ ವಿಮಾನಗಳ ಪ್ಲಾಸ್ಟಿಕ್ ಮಾಡೆಲ್ ಕಿಟ್ ತಯಾರಿಸುವ ಕಂಪನಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಕಿಟ್‌ಗಳು ಇಂಜೆಕ್ಷನ್ ಮೋಲ್ಡಿಂಗ್‌ನವು. ಕರಗಿದ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿನೊಳಗೆ ಭಾರಿ ಒತ್ತಡದಲ್ಲಿ ತುಂಬುತ್ತಾರೆ. ಭಾಗಗಳು ಒಳಗೂ ಹೊರಗೂ ಆಕಾರ ಪಡೆದು, ಕೂಡಿಸುವ ಪಿನ್ನು, ರಂಧ್ರ ಎಲ್ಲದರ ಜೊತೆ ಬರುತ್ತವೆ. ಆದರೆ ಆ ಅಚ್ಚು ತುಂಬಾ ದುಬಾರಿ. ವ್ಯಾಕ್ಯೂಮ್ ಫಾರ್ಮಿಂಗ್ ಹಾಗಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಮೆತ್ತಗಾದ ಮೇಲೆ ಅಚ್ಚಿನ ಮೇಲೆ ಹಾಸುತ್ತಾರೆ, ಕೆಳಗಿನಿಂದ ಗಾಳಿ ಎಳೆದರೆ ಹಾಳೆ ಅಚ್ಚಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಖರ್ಚು ಕಡಿಮೆ. ಅದಕ್ಕೇ ದೊಡ್ಡ ಕಂಪನಿಗಳು ಮುಟ್ಟದ ವಿಮಾನಗಳನ್ನು ಚಿಕ್ಕ ಚಿಕ್ಕ ತಯಾರಕರು ಈ ದಾರಿಯಲ್ಲಿ ತಂದರು. ಡೈನಾವೆಕ್ಟರ್‌ನವರ 1/48 ಅಳತೆಯ ಸೀ ವಿಕ್ಸನ್ ಅಂಥದ್ದು. ಏರ್‌ಫಿಕ್ಸ್ ಅದೇ ಅಳತೆಯಲ್ಲಿ ಇಂಜೆಕ್ಷನ್ ಕಿಟ್ ತಂದದ್ದು 2010ರ ಸುಮಾರಿಗೆ, ಅಂದರೆ ಎಷ್ಟೋ ತಡವಾಗಿ. ಅದು ಒಳ್ಳೆಯ ಕಿಟ್ಟೇ, ಅದರ ಬಗ್ಗೆ ನನ್ನ ತಕರಾರಿಲ್ಲ.

ಹಾಗಾದರೆ ಯಾಕೆ? ನನ್ನ ಮೊದಲ ಉತ್ತರ ದಪ್ಪ. ಈ ಅಳತೆಯಲ್ಲಿ 1 ಮಿ.ಮೀ ದಪ್ಪದ ಪ್ಲಾಸ್ಟಿಕ್ ಎಂದರೆ ನಿಜವಾದ ವಿಮಾನದಲ್ಲಿ 48 ಮಿ.ಮೀ. ಯಾವ ವಿಮಾನದ ತಗಡೂ ಅಷ್ಟು ದಪ್ಪ ಇರುವುದಿಲ್ಲ, ಅಲ್ವಾ? ರೆಕ್ಕೆಯ ಹಿಂದಿನ ಅಂಚು, ಗಾಲಿ ಮುಚ್ಚುವ ಬಾಗಿಲು, ಎಂಜಿನ್‌ಗೆ ಗಾಳಿ ಹೋಗುವ ಬಾಯಿ, ಇಲ್ಲೆಲ್ಲ ದಪ್ಪ ಕಂಡ ತಕ್ಷಣ ಅದು ಆಟಿಕೆ ಅನಿಸಿಬಿಡುತ್ತದೆ. ವ್ಯಾಕ್ಯೂಮ್ ಫಾರ್ಮಿಂಗ್‌ನ ಭಾಗಗಳು ಮೊದಲೇ ತೆಳ್ಳಗೆ, ಮೇಲಾಗಿ ಎಷ್ಟು ತೆಳ್ಳಗಾಗಬೇಕು ಅನ್ನುವುದು ನನ್ನ ಕೈಯಲ್ಲೇ ಇರುತ್ತದೆ.

ಎರಡನೆಯ ಉತ್ತರ ನನಗೆ ಇನ್ನೂ ಮುಖ್ಯ. ಹಾಳೆಯಲ್ಲಿ ಯಾವ ಭಾಗಕ್ಕೂ ಕೊನೆ ಅನ್ನುವುದು ಇರುವುದಿಲ್ಲ. ವಿಮಾನ ಎಲ್ಲಿ ಮುಗಿಯುತ್ತದೆ, ಹಾಳೆ ಎಲ್ಲಿ ಶುರುವಾಗುತ್ತದೆ ಅಂತ ನಾವೇ ತೀರ್ಮಾನಿಸಬೇಕು. ಅದಕ್ಕೆ ನಕ್ಷೆ ನೋಡಬೇಕು, ಫೋಟೋ ನೋಡಬೇಕು, ವಿಮಾನ ಯಾಕೆ ಹಾಗಿದೆ ಅಂತ ಯೋಚಿಸಬೇಕು. ಸೀ ವಿಕ್ಸನ್ನಿಗೆ ಹಿಂದೆ ಎರಡು ಉದ್ದನೆಯ ಬೂಮ್‌ಗಳಿವೆ, ಅಂದರೆ ಬಾಲವನ್ನು ಹೊರುವ ತೋಳುಗಳು. ಎಫ್‌ಎಡಬ್ಲ್ಯೂ 2 ಅನ್ನುವ ಅದರ ಎರಡನೆಯ ಮಾದರಿಯಲ್ಲಿ ಆ ಬೂಮ್‌ಗಳು ರೆಕ್ಕೆಯ ಮುಂದಕ್ಕೂ ಚಾಚಿಕೊಂಡಿವೆ, ಒಳಗೆ ಹೆಚ್ಚಿನ ಇಂಧನ ತುಂಬಲು. ಡಬ್ಬಿ ಕಿಟ್ ಮಾಡಿದವನಿಗೆ ಅದು ಸುಮ್ನೆ ಒಂದು ಉಬ್ಬು. ಆ ಉಬ್ಬನ್ನು ಕತ್ತರಿಸಿ, ಉಜ್ಜಿ, ರೆಕ್ಕೆಗೆ ಕೂರಿಸಿದವನಿಗೆ ಮರೆಯುವುದಿಲ್ಲ.

ಇನ್ನು ಕೆಲಸ. ಭಾಗವೂ ಹಾಳೆಯೂ ಸೇರುವ ಮೂಲೆಯಲ್ಲಿ ಸಣ್ಣ ಮೊನೆಯ ಮಾರ್ಕರ್‌ನಿಂದ ಸುತ್ತಲೂ ಗೆರೆ ಎಳೆಯಬೇಕು. ಆಮೇಲೆ ಹೊಸ ಬ್ಲೇಡು, ಮೊಂಡಾದದ್ದು ಬೇಡ. ಬ್ಲೇಡನ್ನು 45 ಡಿಗ್ರಿ ಓರೆ ಹಿಡಿದು ಹಗುರವಾಗಿ ಎರಡು ಮೂರು ಸಲ ಗೀರಬೇಕು. ಹಾಳೆಯನ್ನು ಪೂರ್ತಿ ಕೊಯ್ಯುವ ಅಗತ್ಯವಿಲ್ಲ, ಗೀರು ಅರ್ಧ ಇಳಿದರೆ ಸಾಕು. ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಒಳಮೂಲೆ ಇರುವ ಕಡೆ ಹೊರಗಿನ ಹಾಳೆಗೆ ಅಡ್ಡ ಗೀರು ಹಾಕಿ ತುಂಡು ತುಂಡಾಗಿ ತೆಗೆಯಬೇಕು, ಇಲ್ಲದಿದ್ದರೆ ಬಿರುಕು ಭಾಗದೊಳಕ್ಕೇ ಓಡುತ್ತದೆ.

ಈಗ ಭಾಗದ ಸುತ್ತ ಹಾಳೆಯ ದಪ್ಪದಷ್ಟು ಅಂಚು ಉಳಿದಿರುತ್ತದೆ. ಅದನ್ನು ತೆಗೆಯುವುದೇ ಈ ಕಲೆಯ ಅರ್ಧ. ಗ್ಲಾಸ್ ಅಂಗಡಿಯಲ್ಲಿ ಉಳಿದ ಒಂದು ದಪ್ಪ ಗಾಜಿನ ತುಂಡು ತನ್ನಿ, ಅದರ ಮೇಲೆ 240 ನಂಬರ್ ವಾಟರ್ ಪೇಪರ್ ಅಂಟಿಸಿ, ಚೂರು ನೀರು ಹಾಕಿ. ನೀರಿದ್ದರೆ ಪುಡಿ ಮೂಗಿಗೆ ಹೋಗುವುದಿಲ್ಲ, ಪೇಪರ್ ಕಟ್ಟಿಕೊಳ್ಳುವುದಿಲ್ಲ. ಭಾಗದ ಬೆನ್ನಿಗೆ ಮಾಸ್ಕಿಂಗ್ ಟೇಪಿನ ಹಿಡಿ ಮಾಡಿಕೊಂಡು ಸುತ್ತು ಸುತ್ತಾಗಿ ಉಜ್ಜಬೇಕು. ಕೈ ಯಾವಾಗಲೂ ಒಂದು ಕಡೆ ಜಾಸ್ತಿ ಒತ್ತುತ್ತದೆ, ಆದ್ದರಿಂದ ಆಗಾಗ ಭಾಗವನ್ನು ತಿರುಗಿಸಿ ಹಿಡಿಯುವುದು ಕಡ್ಡಾಯ. ಉಜ್ಜುತ್ತಾ ಹೋದಂತೆ ಅಂಚು ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಉಳಿದ ಪೊರೆಯನ್ನು ಉಗುರಿನಿಂದ ಎಬ್ಬಿಸಿದರೆ ತಾನೇ ಬಿಟ್ಟು ಬರುತ್ತದೆ. ಕೆಳಗೆ ಮಾರ್ಕರ್ ಗೆರೆಯ ಕೂದಲೆಳೆಯಷ್ಟು ಕಪ್ಪು ಉಳಿದಿದ್ದರೆ ಅಳತೆ ಸರಿ ಇದೆ ಅಂತ ಅರ್ಥ. ಆ ಹೊತ್ತಿನ ಖುಷಿಯನ್ನು ನಾನು ಬೇರೆ ಯಾವ ಕಿಟ್ಟಿನಲ್ಲೂ ಕಂಡಿಲ್ಲ.

ರೆಕ್ಕೆಯ ಹಿಂದಿನ ಅಂಚನ್ನು ಒಳಗಿನಿಂದ ಇನ್ನೂ ಉಜ್ಜಬೇಕು, ಮೇಲಿನ ಕೆಳಗಿನ ಎರಡೂ ತುಂಡು ಸೇರಿದಾಗ ಅದು ಚೂಪಾಗಿ ಕಾಣಬೇಕು.

ಕೂಡಿಸಲು ಪಿನ್ನುಗಳಿಲ್ಲವಲ್ಲ, ಅದಕ್ಕೆ ಪ್ಲಾಸ್ಟಿಕ್ ಕಾರ್ಡಿನ ಸಣ್ಣ ಪಟ್ಟಿಗಳನ್ನು ಒಳ ಅಂಚಿಗೆ ಅಂಟಿಸುತ್ತೇನೆ, ಒಂದು ಎಡಗಡೆ ಒಂದು ಬಲಗಡೆ. ರೆಕ್ಕೆಗೆ ಒಡಲಿನ ಮೂಲಕ ಹಾಯುವ ಗಟ್ಟಿ ತೊಲೆ ಬೇಕೇ ಬೇಕು. ಗಮ್ಮು ಮಾತ್ರ ಕಡಿಮೆ ಹಾಕಿ, ತೆಳು ಪ್ಲಾಸ್ಟಿಕ್ ಬೇಗ ಕರಗಿ ಕುಗ್ಗುತ್ತದೆ. ಸೀ ವಿಕ್ಸನ್ನಿನ ನಿಜವಾದ ಪರೀಕ್ಷೆ ಬೂಮ್‌ಗಳದ್ದು. ಎರಡೂ ಸಮಾನಾಂತರವಾಗಿ ನಿಲ್ಲದಿದ್ದರೆ ಅವುಗಳ ತುದಿಯ ಬಾಲಗಳ ನಡುವೆ ಮೇಲೆ ಕೂರುವ ಅಡ್ಡ ರೆಕ್ಕೆ ಸೇರುವುದೇ ಇಲ್ಲ. ಗ್ರಾಫ್ ಹಾಳೆಯ ಮೇಲೆ ಪೂರ್ತಿ ಅಳತೆಯ ನಕ್ಷೆ ಬರೆದು, ಅದೇ ಗಾಜಿನ ಮೇಲೆ ಅಂಟಿಸಿ, ಅದರ ಮೇಲೇ ಜೋಡಿಸಿ ರಾತ್ರಿಯಿಡೀ ಒಣಗಲು ಬಿಡಬೇಕು. ರೆಕ್ಕೆಯ ಅಗಲ ಸುಮಾರು 32 ಸೆಂ.ಮೀ ಬರುತ್ತದೆ, ಮೇಜಿನ ಮೇಲೆ ಜಾಗ ಮಾಡಿಕೊಳ್ಳಿ. ಮೂಗಿನೊಳಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬುವುದು ಮರೆಯಬೇಡಿ, ಹಿಂಭಾಗ ಭಾರ ಇರುವ ವಿಮಾನ ಇದು.

ವಿವರದ ಕೆಲಸಕ್ಕೆ ಕಾಕ್‌ಪಿಟ್ಟಿಗಿಂತ ಒಳ್ಳೆಯ ಜಾಗ ಇಲ್ಲ. ಇದರಲ್ಲಿ ಪೈಲಟ್ ನಡುವೆ ಕೂರುವುದಿಲ್ಲ, ಎಡಕ್ಕೆ ಸರಿದು ಕೂರುತ್ತಾನೆ, ಅವನ ತಲೆಯ ಮೇಲಿನ ಗಾಜಿನ ಮುಚ್ಚಳ, ಅಂದರೆ ಕ್ಯಾನೋಪಿಯೂ ಎಡಕ್ಕೇ. ರಾಡಾರ್ ನೋಡುವ ಇನ್ನೊಬ್ಬ ಬಲಗಡೆ, ಒಡಲಿನೊಳಗೆ ಹುದುಗಿ ಕೂರುತ್ತಾನೆ. ಪರದೆ ಸ್ಪಷ್ಟವಾಗಿ ಕಾಣಲಿ ಅಂತ ಅವನಿಗೆ ಕತ್ತಲೆ. ನೌಕಾಪಡೆಯವರು ಆ ಜಾಗವನ್ನು ಕೋಲ್ ಹೋಲ್, ಅಂದರೆ ಕಲ್ಲಿದ್ದಲ ಗುಂಡಿ ಅನ್ನುತ್ತಿದ್ದರು. ಎರಡೂ ಸೀಟು ಮಾರ್ಟಿನ್ ಬೇಕರ್ ಕಂಪನಿಯ ಮಾರ್ಕ್ 4, ಅಪಾಯ ಬಂದಾಗ ಕೂತವನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಸೀಟು. ಸೀಟಿನ ತಲೆಯ ಮೇಲೆ ಹಳದಿ ಕಪ್ಪು ಪಟ್ಟೆಯ ಹಿಡಿ ಇರುತ್ತದೆ, ಅದನ್ನು ಎಳೆದರೆ ಸೀಟು ಹಾರುತ್ತದೆ. ಟ್ರಾನ್ಸ್‌ಫಾರ್ಮರ್‌ನ ತಾಮ್ರದ ವೈಂಡಿಂಗ್ ವೈರನ್ನು ಸೂಜಿಗೆ ಸುತ್ತಿದರೆ ಆ ಹಿಡಿ ಸಿದ್ಧ. ಮೊದಲು ಹಳದಿ ಬಳಿಯಿರಿ, ಒಣಗಿದ ಮೇಲೆ ಕಪ್ಪು ಗೆರೆ. ಬೆಲ್ಟಿಗೆ 1 ಮಿ.ಮೀ ಅಗಲದ ಮಾಸ್ಕಿಂಗ್ ಟೇಪ್ ಪಟ್ಟಿ. ಕ್ಯಾನೋಪಿ ಕತ್ತರಿಸುವಾಗ ಒಳಗೆ ಮಕ್ಕಳ ಕ್ಲೇ ತುಂಬಿ, ಅದುಮಿದರೂ ಬಿರಿಯುವುದಿಲ್ಲ. ಅಂಟಿಸಲು ಫೆವಿಕಾಲ್ ಸಾಕು, ಫೆವಿಕ್ವಿಕ್ ಹಾಕಿದರೆ ಗಾಜು ಮಂಜಾಗುತ್ತದೆ.

ಬಣ್ಣ ಸುಲಭ, ಮೇಲೆ ಕಡು ಬೂದು, ಕೆಳಗೆ ಬಿಳಿ. ಆದರೆ ಯಾವ ಹಡಗಿನ ವಿಮಾನ ಅನ್ನುವುದರಲ್ಲಿ ನನಗೆ ಪಕ್ಷಪಾತ ಇದೆ. ಸೀ ವಿಕ್ಸನ್‌ಗಳು 1959ರಿಂದ 1972ರವರೆಗೆ ಸೇವೆಯಲ್ಲಿದ್ದವು, 892ನೇ ಸ್ಕ್ವಾಡ್ರನ್ನಿನವು ಎಚ್‌ಎಂಎಸ್ ಹರ್ಮಿಸ್ ಅನ್ನುವ ವಿಮಾನವಾಹಕ ಹಡಗಿನ ಮೇಲಿಂದ ಹಾರಿದವು. ಅದೇ ಹಡಗು 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆಯಿತು, 2017ರವರೆಗೆ ನಮ್ಮ ನೌಕಾಪಡೆಯಲ್ಲಿತ್ತು. ಹಾಗಾಗಿ ನನ್ನ ವಿಮಾನದ ಬಾಲದ ಮೇಲೆ ಹರ್ಮಿಸ್‌ನ ಎಚ್ ಅಕ್ಷರವೇ ಇರಬೇಕು.

"ತ್ರೀಡಿ ಪ್ರಿಂಟ್ ಬಂದಿದೆಯಲ್ಲ?" ಅಂತಲೂ ಕೇಳುತ್ತಾರೆ. ಸೀಟಿಗೆ, ಗಾಲಿಗೆ ಅದು ಬಹಳ ಚೆನ್ನ, ಖಂಡಿತ ಬಳಸಿ. ದೊಡ್ಡ ರೆಕ್ಕೆಗೆ, ಒಡಲಿಗೆ ನಾನು ಈಗಲೂ ಹಾಳೆಯನ್ನೇ ಆರಿಸುತ್ತೇನೆ.

ಶುರು ಮಾಡುವವರು ಮಾತ್ರ ಸೀ ವಿಕ್ಸನ್‌ಗೆ ಕೈ ಹಾಕಬೇಡಿ. ಒಂದೇ ಎಂಜಿನ್ನಿನ, ಒಂದು ಜೊತೆ ರೆಕ್ಕೆಯ, 1/72 ಅಳತೆಯ ಚಿಕ್ಕ ಕಿಟ್ ತಗೊಳ್ಳಿ. ಅದರಲ್ಲೂ ಮೊದಲು ಕತ್ತರಿಸಬೇಕಾದ್ದು ಒಡಲನ್ನಲ್ಲ, ರೆಕ್ಕೆಯ ಕೆಳಗೆ ನೇತಾಡುವ ಹೆಚ್ಚುವರಿ ಇಂಧನದ ಡ್ರಾಪ್ ಟ್ಯಾಂಕ್ ಅನ್ನು. ಅದರ ಎರಡು ಅರ್ಧಗಳನ್ನು ಗೆರೆ ಕಾಣದ ಹಾಗೆ ಕೂಡಿಸಲು ಬಂದರೆ ಒಡಲಿಗೆ ಹೋಗಿ. ಅದು ಕೆಟ್ಟರೂ ಚಿಂತೆ ಇಲ್ಲ, ಟ್ಯಾಂಕ್ ಇಲ್ಲದೆಯೂ ವಿಮಾನ ಹಾರುತ್ತಿತ್ತು.