ಅಶೋಕನ ಪಶ್ಚಾತ್ತಾಪ ನಿಜವಾ, ನಾಟಕವಾ?

ಇತಿಹಾಸ ಪಾಠ ಮಾಡುವವನು ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಇದೇ ಪ್ರಶ್ನೆ: "ಮೇಷ್ಟ್ರೇ, ಅಶೋಕ ನಿಜವಾಗ್ಲೂ ಬದಲಾದನಾ, ಇಲ್ಲಾ ಬರೀ ನಾಟಕನಾ?" ಹೇಳಿ ಹೇಳಿ ಸಾಕಾಗಿದೆ.

ಅವನ ಎದೆಯೊಳಗೆ ಏನಿತ್ತೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಕಲ್ಲಿನಲ್ಲಿ ಏನಿದೆ ಅಂತ ಹೇಳಬಲ್ಲೆ. ಅಶೋಕ ಹಲವು ಊರುಗಳ ಬಂಡೆಗಳ ಮೇಲೆ ಕೆತ್ತಿಸಿದ ಶಾಸನಗಳ ಸರಣಿಯಲ್ಲಿ 13ನೆಯದರಲ್ಲಿ ಕಳಿಂಗ (ಇಂದಿನ ಒಡಿಶಾ ಕಡೆಯ ನಾಡು) ಯುದ್ಧದ ಲೆಕ್ಕ ಇದೆ. 1.5 ಲಕ್ಷ ಜನರನ್ನು ಸೆರೆ ಹಿಡಿದು ಸಾಗಿಸಿದ್ದು, 1 ಲಕ್ಷ ಜನ ಕೊಲೆಯಾದದ್ದು. ಅದರಿಂದ ತನಗೆ ನೋವಾಗಿದೆ ಎಂದು ಗೆದ್ದವನೇ ಬರೆಸಿದ್ದಾನೆ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯೂ ಇದೆ: ಪಶ್ಚಾತ್ತಾಪ ಪಟ್ಟರೂ ದಂಡಿಸುವ ಶಕ್ತಿ ತನಗಿದೆ ಅಂತ. ಕಳಿಂಗವನ್ನು ವಾಪಸ್ ಕೊಡಲೂ ಇಲ್ಲ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಒಬ್ಬರು, "ಕೊಲ್ಲೋದೆಲ್ಲಾ ಕೊಂದು ಆಮೇಲೆ ಧರ್ಮ ಅಂದ್ರೆ ಆಯ್ತಾ?" ಎಂದು ನಕ್ಕುಬಿಟ್ಟರು. ನನಗೆ ಸಿಟ್ಟು ಬಂತು. ನಮ್ಮ ಮುಂದೆಯೇ ಅಶೋಕನ ಶಾಸನಗಳಿರುವ ಕಲ್ಲಿತ್ತು. ಭೀಮಾ ತೀರದ ಅಲ್ಲಿನ ಗುಡಿಯಲ್ಲಿ ಅದು ಬಹುಕಾಲ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹ ಕೂರಿಸಲು ನಡುವೆ ಕೊರೆದ ತೂತಿನಲ್ಲಿ ಅಕ್ಷರಗಳೂ ಹೋಗಿವೆ. ಉಳಿದದ್ದನ್ನಾದರೂ ಓದಬಾರದಾ?

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ನೋವಿನ ಮಾತನ್ನು ಕಳಿಂಗದವರಿಗೇ ಯಾಕೆ ಹೇಳಲಿಲ್ಲ? ಕಳಿಂಗದ ಧೌಲಿ, ಜೌಗಡಗಳಲ್ಲಿ 13ನೇ ಶಾಸನ ಇಲ್ಲವೇ ಇಲ್ಲ. ಸೋತವರ ಮುಂದೆ ತಪ್ಪೊಪ್ಪಿಕೊಂಡರೆ ಆಳುವುದು ಕಷ್ಟ ಅನ್ನಿಸಿರಬೇಕು. ಅದು ಅನ್ಯಾಯವೇ. ಆ ಮಾತು ಮೊದಲು ಸಲ್ಲಬೇಕಾದದ್ದು ಅವರಿಗೆ.

ಅಲ್ಲಿ ಅದರ ಬದಲು ಅಧಿಕಾರಿಗಳಿಗೆ ಹೊರಡಿಸಿದ ಆಜ್ಞೆಗಳಿವೆ. ಅವುಗಳ ಭಾಗಗಳು ಸನ್ನತಿಯಲ್ಲೂ ಸಿಕ್ಕಿವೆ. ಅವುಗಳಲ್ಲಿ ಅಶೋಕ, ಜನರೆಲ್ಲ ನನ್ನ ಮಕ್ಕಳು ಎನ್ನುತ್ತಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎನ್ನುತ್ತಾನೆ. ನ್ಯಾಯ ಕೆಡಿಸುವ ಗುಣಗಳನ್ನೂ ಹೆಸರಿಸುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು. ದಣಿವು ನೋಡಿ! ಕಚೇರಿಯಲ್ಲಿ ಕೂತವನಿಗೆ ಸುಸ್ತಾದರೂ ಸಾಕು, ಎದುರಿಗಿರುವವನ ಬದುಕು ಹಾಳು. ಈ ಪಟ್ಟಿ ಬರೆಸಿದವನು ಕ್ರೌರ್ಯವನ್ನು ಬಹಳ ಹತ್ತಿರದಿಂದ ನೋಡಿದ್ದಾನೆ. ಸೆರೆಯಲ್ಲಿ ಸುಮ್ನೆ ಕೊಳೆಯುತ್ತಿದ್ದವನಿಗೆ ರಾಜನ ಕಣ್ಣೀರಿಗಿಂತ ಈ ಆಜ್ಞೆಯೇ ಜಾಸ್ತಿ ಬೇಕಿತ್ತು.

ಇದು ಜಾರಿಯಾಗುತ್ತಿದೆಯಾ ಅಂತ ನೋಡಲು 5 ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯನ್ನು ಕಳಿಸುತ್ತೇನೆ ಎಂದೂ ಅಲ್ಲಿದೆ. ಅವರು ಬಂದರಾ? ಬಂದಾಗ ಒಬ್ಬನಾದರೂ ಬಿಡುಗಡೆಯಾದನಾ? ಇದನ್ನು ಕೇಳಿ, ಕೂತು ಮಾತಾಡೋಣ.